ಬಲಗೈ ಎಚ್ಚೆತ್ತ ಸುದ್ದಿ

ನವೆಂಬರ್ ೯

ಪ್ರೀತಿಯ ಅಕ್ಕ,

ನಮಸ್ಕಾರ. ನಿನ್ನ ಎರಡು ಪತ್ರಗಳಿಗೂ ಉತ್ತರಿಸದೆ ಕುಳಿತದ್ದಕ್ಕೆ ಕ್ಷಮೆಯಿರಲಿ. ಇದ್ದದ್ದು ಸಂತೋಷದ ಸುದ್ದಿಯೇ. ಅದನ್ನು ಸಂತೋಷದಿಂದ ಬರೆಯುವ ಮನಸ್ಸು ಕೂಡಿಬರಲಿಲ್ಲ.

ಇವಳ ಬಲಗೈ ಎಚ್ಚೆತ್ತಿದೆ. ತಾನು ಪಾಠ ಮಾಡುತ್ತಿದ್ದ ಶಾಲೆಯ ಮೆಟ್ಟಿಲಿನಿಂದ ಬಿದ್ದು ಕತ್ತಿನ ಬಳಿ ಬೆನ್ನುಹುರಿಗೆ ಪೆಟ್ಟಾದಾಗಿನಿಂದ ಮಡಿಲಲ್ಲಿ ಸುಮ್ಮನೆ ಬಿದ್ದಿದ್ದ ಕೈ. ಆಸ್ಪತ್ರೆಯಲ್ಲಿ ಕತ್ತಿನ ಹಿಂದೆ ಚರ್ಮಕ್ಕೆ ಅಂಟುಪಟ್ಟಿ ಹಚ್ಚಿ ಸಣ್ಣ ಪ್ರಮಾಣದ ವಿದ್ಯುತ್ ಹರಿಸುತ್ತಾರೆ. ಜೊತೆಯಲ್ಲೇ ಕೈಗೆ ಕೆಲಸ ಕೊಡುತ್ತಾರೆ. ಬೆರಳು ಮಡಿಸುವುದು ವಿದ್ಯುತ್ತಲ್ಲ. ಅದು ಉಳಿದ ನರಗಳನ್ನು ಎಚ್ಚರವಾಗಿಡುತ್ತದೆ, ಅಷ್ಟೆ; ಮಡಿಸಬೇಕಾದವಳು ಇವಳೇ. ಮೀಟರುಗಳ ದುರಸ್ತಿಯಲ್ಲೇ ತಲೆ ನರೆತ ನನಗೆ ಇದು ಸುಲಭವಾಗಿ ಅರ್ಥವಾಯಿತು.

ಅರ್ಥವಾಗದವನು ಚಿಕಿತ್ಸಕ. "ಏನ್ ಟೀಚರ್, ಇವತ್ತೂ ಬೆರಳುಗಳ ಮುಷ್ಕರಾನಾ?" ಅನ್ನುತ್ತಾನೆ. "ಸಂಬಳ ಜಾಸ್ತಿ ಕೇಳ್ತಿವೆ ಕಣಪ್ಪಾ," ಎಂದು ಇವಳು ನಗುತ್ತಾಳೆ. ಆ ನಗು ನಮ್ಮ ಮನೆಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತು!

ಒಂದು ದಿನ ಅವನು ನನ್ನನ್ನು ಹೊರಗೆ ಕಳಿಸಿದ. "ಬೇಜಾರು ಮಾಡ್ಕೋಬೇಡಿ ಸಾರ್. ಅವರ ಕೈ ಲೋಟದ ಹತ್ರ ಹೋಗೋ ಮೊದಲೇ ನೀವು ಎತ್ತಿ ಕುಡಿಸಿಬಿಡ್ತೀರ." ಇವಳ ಮುಖ ನೋಡಿದೆ. "ಹೂಂ ರೀ, ಸ್ವಲ್ಪ ಹೊರಗಿರಿ," ಎಂದಳು.

ಬಾಗಿಲಿನ ಗಾಜಿನಿಂದ ನೋಡುತ್ತ ನಿಂತೆ. ಅವನು ತೋರುಬೆರಳು ಚಾಚಿದ. ಇವಳ ಕೈ ನಡುಗುತ್ತ ಹೋಗಿ ಅದನ್ನು ಹಿಡಿಯಿತು. ಇಬ್ಬರೂ ಕೂಗಿಕೊಂಡರು. ನಾನು ಒಳಗೆ ಹೋಗಿ, ಯಂತ್ರದ ತಂತಿಗಳು ಸಡಿಲವಾಗಿವೆಯೇ ಎಂದು ಪರೀಕ್ಷಿಸಿದೆ.

ಈಗ ಚಮಚ ಇವಳದೇ ಕೈಯಲ್ಲಿ. ಮೊದಮೊದಲು ಅದನ್ನು ಅಂಗೈಗೆ ಬಿಗಿಯಲು ನಾನು ಹೊಲಿದುಕೊಟ್ಟಿದ್ದ ಚರ್ಮದ ಪಟ್ಟಿ ಮೇಜಿನ ಖಾನೆ ಸೇರಿದೆ. ಊಟ ಚೆಲ್ಲುತ್ತದೆ, ಒರೆಸಲು ಹೋದರೆ, "ಚೆಲ್ಲಲಿ ಬಿಡಿ," ಎನ್ನುತ್ತಾಳೆ. ಬಿಡುತ್ತೇನೆ. ಆಸ್ಪತ್ರೆಗೆ ಹೊರಡುವ ದಿನ ಮಾತ್ರ ಯಾವ ಸೀರೆ ಎಂದು ಎರಡು ಸಲ ಯೋಚಿಸುತ್ತಾಳೆ. ಅದನ್ನೂ ನಾನೇ ಉಡಿಸುತ್ತೇನೆ.

ಭಾವನವರಿಗೆ ನಮಸ್ಕಾರ. ಮಕ್ಕಳಿಗೆ ಆಶೀರ್ವಾದ, ಅವರ ಕೈಕಾಲು ಗಟ್ಟಿಯಾಗಿರಲಿ.

ನಿನ್ನ ತಮ್ಮ

ತಾ. ಕ.: ಸಂಜೆ ಗಾಲಿಕುರ್ಚಿಯ ಹಲಗೆಯ ಮೇಲೆ ಪತ್ರಿಕೆ ಹರಡಿ ಇಬ್ಬರೂ ಓದುತ್ತೇವೆ, ಹಾಳೆ ತಿರುವುವವನು ನಾನು. ಈಚೆಗೆ ನನ್ನ ಕೈಯನ್ನು, ಮರೆತವನಂತೆ, ಇವಳ ಬಲಗೈಗೆ ತಾಗುವಷ್ಟು ಹತ್ತಿರ ಇಟ್ಟಿರುತ್ತೇನೆ. ನಿನ್ನೆ ಆ ಬೆರಳುಗಳು ಅಲುಗಿದವು. ನಾನು ಅಂಗೈ ತೆರೆದೆ. ಅವು ನನ್ನ ಕೈಯನ್ನು ದಾಟಿ ಹೋಗಿ ಹಾಳೆ ತಿರುವಿದವು.