ಒಳಗುಳಿದವರು

ಫೆಬ್ರವರಿ 30, 2217. ರಾಯಚೂರು, ದೋಆಬ್ ವಿದ್ಯಾಪೀಠದ ಯೋಜನಾ ಅಂಗಳ. ಮಧ್ಯಾಹ್ನ. ಕಿಟಕಿ ಬಾಗಿಲು ಮುಚ್ಚಿವೆ. ನಾಳೆ ಅಚ್ಚಿನ ಸಭೆ.

ಕೊನೆಯ ವರ್ಷದ ವಿನ್ಯಾಸ ಯೋಜನೆಗೆ ವಿಷಯ ಹುಡುಕುತ್ತಿರುವ ಹಿಂದಿನ ಕಾಲದ ವಿದ್ಯಾರ್ಥಿಗಳಿಗೆ,

ಈ ದಿನಾಂಕ ನಿಮ್ಮ ಕ್ಯಾಲೆಂಡರಿನಲ್ಲಿಲ್ಲ, ಕ್ಷಮಿಸಿ. ನಾವು ತಿಂಗಳುಗಳನ್ನೆಲ್ಲ ಸಮ ಮಾಡಿ, ಮಿಕ್ಕ ದಿನಗಳನ್ನು ಮೇ ತಿಂಗಳ ಕೊನೆಗೆ ಸೇರಿಸಿದ್ದೇವೆ. ಆ ದಿನಗಳಲ್ಲಿ ಯಾರೂ ಹೊರಗೆ ಬರುವುದಿಲ್ಲ. ನನ್ನ ಕೆಲವು ಮಾತುಗಳೂ ನಿಮಗೆ ಅಪರಿಚಿತ ಎನಿಸಬಹುದು. ಯೋಜನೆಯೊಂದಕ್ಕೆ ಒಪ್ಪಿಗೆ ಕೊಡುವ ಮುನ್ನ ಅದರ ಮಾರ್ಗದರ್ಶಿ ಹಿಂದಿನವರಿಗೊಂದು ಪತ್ರ ಬರೆಯಬೇಕೆಂಬುದು ಇಲ್ಲಿನ ಪದ್ಧತಿ. ತಲುಪುತ್ತದೆಂದು ಯಾರೂ ನಂಬಿಲ್ಲ. ಏನೂ ತಿಳಿಯದವರಿಗೆ ವಿವರಿಸುವಾಗ ತನ್ನ ಯೋಚನೆ ತನಗೇ ಸ್ಪಷ್ಟವಾಗುತ್ತದೆಂದು ಯಾರೋ ಆರಂಭಿಸಿರಬೇಕು. ಹಿಂದೆಯೂ ಬರೆದಿದ್ದೇನೆ. ಬಹುಪಾಲು ಅರ್ಧ ಪುಟದಲ್ಲಿ ಮುಗಿದವು. ಈ ಸಲ ಮುಗಿಯುತ್ತಿಲ್ಲ.

ನಿಮ್ಮ ಪದ್ಧತಿಯ ಬಗ್ಗೆ ಓದಿದ್ದೇನೆ. ನಾಲ್ವರು ಸೇರಿ ವಿಷಯ ಆರಿಸುತ್ತೀರಿ, ಮಾದರಿ ಮಾಡುತ್ತೀರಿ, ಒಂದು ದಿನ ಅದನ್ನು ಮೇಜಿನ ಮೇಲಿಟ್ಟು ಪಕ್ಕದಲ್ಲಿ ನಿಲ್ಲುತ್ತೀರಿ. ಪರೀಕ್ಷಕರು ನೋಡಿ ಮುಂದೆ ಹೋಗುತ್ತಾರೆ. ನಮ್ಮಲ್ಲಿ ಸಾಮಗ್ರಿ ಕಡಿಮೆ. ಪ್ರತಿ ತಂಡಕ್ಕೂ ಒಂದು ಪಾಲು ಸಿಗುತ್ತದೆ, ಅಂದರೆ ಹಿಂದೆ ಬಿಚ್ಚಿ ಹಾಕಿದ ಯೋಜನೆಗಳ ಇಟ್ಟಿಗೆ, ಕೊಳವೆ, ಬಟ್ಟೆ. ಮೊದಲ ತಿಂಗಳುಗಳಲ್ಲಿ ಗೆರೆ ಎಳೆಯುವಂತಿಲ್ಲ. ಯಾರಿಗಾಗಿ ಮಾಡುತ್ತಾರೋ ಅವರ ಮನೆಗಳಲ್ಲಿ ಸುಮ್ಮನೆ ಕುಳಿತು ಬರಬೇಕು. ಆಮೇಲೆ ನಕ್ಷೆ, ಅದನ್ನು ಹರಿದು ಹಾಕುವ ಬೇರೆ ತಂಡಗಳ ಎದುರು ವಾದ, ಮತ್ತೆ ನಕ್ಷೆ, ಕಟ್ಟುವುದು. ಕೊನೆಗೆ ವಾಸ. ಕಟ್ಟಿದ್ದರ ಒಳಗೇ ಕಟ್ಟಿದವರು ಒಂದು ವರ್ಷ ಬದುಕಬೇಕು. ಬದುಕಿ ತೋರಿಸಿದರೆ ಮಾರ್ಗದರ್ಶಿಯಾದ ಹಿರಿಯರು ಸುಣ್ಣದಲ್ಲಿ ಅದ್ದಿದ ಅಂಗೈಯನ್ನು ಗೋಡೆಗೆ ಒತ್ತುತ್ತಾರೆ. ಅದೇ ಅಚ್ಚು. ಅಚ್ಚು ಸಿಗದಿದ್ದರೆ ಎಲ್ಲವನ್ನೂ ಬಿಚ್ಚಿ ಮುಂದಿನ ತಂಡಕ್ಕೆ ಪಾಲು ಕೊಡುತ್ತಾರೆ. ಒಬ್ಬರಿಗೆ ಎರಡೇ ಅವಕಾಶ.

ಈ ವರ್ಷ ನನ್ನ ತಂಡದಲ್ಲಿ ಮೂವರು: ಇಸ್ಮತ್, ವಿರುಪಣ್ಣ, ರುಪ್ಲಿ. ಇಸ್ಮತ್‌ಳ ಮೊದಲ ಯೋಜನೆ ಬಿಚ್ಚಿಹೋಗಿದೆ. ಇದೂ ಹೋದರೆ ಆಕೆ ಎಂಜಿನಿಯರ್ ಆಗುವುದಿಲ್ಲ. ಅವರು ಕಟ್ಟಿದ್ದು ಬೂದಿ ಕಾಲೊನಿಗೆ ಒಂದು ತಂಪುಗೂಡು, ಅಂದರೆ ವಿದ್ಯುತ್ತಿಲ್ಲದೆ ಬೇಸಿಗೆ ಕಳೆಯಬಹುದಾದ ಮನೆ. ಕಾಲೊನಿಯವರು ಹಳೆಯ ವಿದ್ಯುತ್ ಸ್ಥಾವರದ ಬೂದಿಯಿಂದ ಇಟ್ಟಿಗೆ ಮಾಡುತ್ತಾರೆ, ತಗಡಿನ ಶೆಡ್ಡಿನಲ್ಲಿ ಮಲಗುತ್ತಾರೆ. ಗೂಡು ಮೊದಲು ಹೋಗಬೇಕಾದದ್ದು ಹುಲಿಗೆಮ್ಮನ ಮನೆಯವರಿಗೆ. ಆಕೆಯ ಮಗಳು ಕಳೆದ ತಿಂಗಳು ಹೆತ್ತಿದ್ದಾಳೆ. ಕೂಸು ಈ ಬೇಸಿಗೆಯನ್ನು ಶೆಡ್ಡಿನಲ್ಲಿ ಕಳೆಯುವುದು ಕಷ್ಟವೆಂದು ಕಾಲೊನಿಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಗೂಡು ಚೆನ್ನಾಗಿದೆ. ಎರಡು ಸುತ್ತಿನ ಗೋಡೆ, ನಡುವೆ ನೀರು ಜಿನುಗುವ ಮಣ್ಣಿನ ಹರವಿಗಳು, ಉತ್ತರಕ್ಕೆ ತೆರೆಯುವ ಗಾಳಿಗಂಡಿಗಳು, ಬಾಗಿಲಿಗೆ ಒದ್ದೆ ಚಾಪೆ. ವರ್ಷವಿಡೀ ಅಳತೆಗಳು ಸರಿಯಾಗಿಯೇ ಬಂದವು. ಕಳೆದ ವಾರ ಇಸ್ಮತ್‌ಳ ಅಕ್ಕನ ಮದುವೆಗೆ ಮೂವರೂ ಮಾನ್ವಿಗೆ ಹೋದರು. ವಾಸದ ಮನೆ ಖಾಲಿ ಇರಬಾರದು, ಹಾಗಾಗಿ ನಾನು ಹೋಗಿ ಕುಳಿತೆ. ಅದೇ ವಾರ ಬಿಸಿಲು ಏರಿತು. ಮೊದಲ ಮಧ್ಯಾಹ್ನವೇ ಓದುತ್ತಿದ್ದ ಪುಸ್ತಕದ ಹಾಳೆಗಳು ಬೆರಳಿಗೆ ಅಂಟತೊಡಗಿದವು. ಮರುದಿನ ಕುಳಿತಲ್ಲೇ ತಲೆ ಸುತ್ತಿತು. ಶೆಡ್ಡಿನಷ್ಟು ಕಾವಿರಲಿಲ್ಲ, ಆದರೆ ಅದನ್ನು ತಂಪುಗೂಡು ಎನ್ನುವಂತಿರಲಿಲ್ಲ. ನಾನು ಎಲ್ಲಿಯೂ ಕೈ ಹಾಕಲಿಲ್ಲ. ಕೈ ಹಾಕಬೇಕೆಂದು ಯಾರೂ ಹೇಳಿರಲಿಲ್ಲ, ನಕ್ಷೆಯಲ್ಲೂ ಇರಲಿಲ್ಲ.

ಅವರು ಮದುವೆಯ ಸಿಹಿ ಮಾದಲಿಯ ಗಂಟು ಹೊತ್ತು ಮರಳಿದರು. ಬೀಗರ ಕಡೆಯವರು ಊಟಕ್ಕೆ ಜಗಳ ತೆಗೆದದ್ದನ್ನು ರುಪ್ಲಿ ಅಭಿನಯಿಸಿ ತೋರಿಸುತ್ತಿದ್ದಳು. ನಗುತ್ತಲೇ ಇಸ್ಮತ್ ಹಿಮ್ಮಡಿಯಿಂದ ಕೆಳಗಿನ ಗಂಡಿಯ ಹಲಗೆಯನ್ನು ತಳ್ಳಿದಳು. ವಿರುಪಣ್ಣ ಗೋಡೆಗೆ ಒರಗುವಾಗ ಒಂದು ಹರವಿಯನ್ನು ಸ್ವಲ್ಪ ತಿರುಗಿಸಿದ. ರುಪ್ಲಿ ನೀರು ಕುಡಿದು ಲೋಟದಲ್ಲಿ ಉಳಿದದ್ದನ್ನು ಚಾಪೆಯ ಮೇಲೆ ಎರಚಿದಳು. ಮಾತು ಎಲ್ಲಿಯೂ ನಿಲ್ಲಲಿಲ್ಲ. ಮಾದಲಿ ತಿಂದು ಮುಗಿಸುವ ಹೊತ್ತಿಗೆ ನನ್ನ ಕುತ್ತಿಗೆಯ ಬೆವರು ಆರಿತ್ತು.

ಈಗ ಏನು ಮಾಡಿದಿರಿ ಎಂದು ಕೇಳಿದೆ. ಮೂವರೂ ಮುಖ ಮುಖ ನೋಡಿಕೊಂಡರು.

"ಏನ್ ಮಾಡೇವ್ರಿ ಮೇಡಂ? ಬಂದ್ವಿ, ಕುಂತ್ವಿ," ಎಂದ ವಿರುಪಣ್ಣ. "ನಿಮಗ ವಯಸ್ಸಾಗೇತಿ, ಅದಕ್ಕ ಶೆಕಿ ಜಾಸ್ತಿ ಅನಸ್ತೈತಿ."

ಅವರು ಸುಳ್ಳು ಹೇಳುತ್ತಿರಲಿಲ್ಲ. ಒಂದು ವರ್ಷ ಒಳಗಿದ್ದು ಇದ್ದು, ಮನೆಯ ಕೊರತೆಗಳನ್ನೆಲ್ಲ ಅವರ ಮೈ ತುಂಬಿಕೊಡುತ್ತಿತ್ತು. ಮನೆ ಪೂರ್ತಿಯಾಗಿದೆ ಎಂದು ಅವರು ನಂಬಿದ್ದರು. ತಪ್ಪು ಮಾಡದಿರಲೆಂದು ನಾವು ಇಟ್ಟುಕೊಂಡ ಪದ್ಧತಿಯೇ ತಪ್ಪನ್ನು ಮುಚ್ಚುತ್ತಿತ್ತು. ನೀವು ಮೇಜಿನ ಪಕ್ಕ ಒಂದು ದಿನ ನಿಲ್ಲುತ್ತೀರಿ, ನಾವು ಒಂದು ವರ್ಷ. ಅಷ್ಟೇ ವ್ಯತ್ಯಾಸವೇನೋ.

ಇಸ್ಮತ್‌ಳನ್ನು ಹೊರಗೆ ಕರೆದು ಕಂಡದ್ದನ್ನು ಹೇಳಿದೆ. ಆಕೆ ಬಗ್ಗಿ ಗಂಡಿಯ ಹಲಗೆಯನ್ನು ಈ ಸಲ ಕೈಯಿಂದ ತಳ್ಳಿ ನೋಡಿದಳು. ಆಮೇಲೆ ಹೇಳಿದಳು: "ಹಂಗಾದ್ರ ನಾ ಇಲ್ಲೇ ಇದ್ದುಬಿಡ್ತೀನ್ರಿ. ಹುಲಿಗೆಮ್ಮನ ಮಂದಿ ಜೋಡಿ. ನಾ ಇದ್ರ ತಂಪಿರ್ತೈತಲ್ಲ. ನೀವು ಅಚ್ಚು ಹಾಕ್ರಿ."

ನಮ್ಮಲ್ಲಿ ಇಂಥವರಿಗೆ ಒಂದು ಹೆಸರಿದೆ: ಒಳಗುಳಿದವರು. ತಾವು ಕಟ್ಟಿದ್ದನ್ನು ಬಿಟ್ಟು ಹೊರಬರಲಾಗದ ಎಂಜಿನಿಯರುಗಳು. ನದಿಯ ಆಚೆಯ ನೀರೆತ್ತುವ ಮನೆಯಲ್ಲಿ ನನ್ನ ಗುರುಗಳೇ ಇದ್ದಾರೆ. ಮೊನ್ನೆ ನೋಡಲು ಹೋದಾಗ ನನ್ನೊಡನೆ ಮಾತಾಡುತ್ತಲೇ ಕವಾಟವೊಂದನ್ನು ತಟ್ಟುತ್ತಿದ್ದರು. ಬಿಟ್ಟು ಬಂದರೆ ಆ ಊರಿಗೆ ನೀರಿಲ್ಲ. ಇಂಥವರನ್ನು ನಾವು ಗೌರವಿಸುತ್ತೇವೆ, ಹಬ್ಬಕ್ಕೆ ಬುತ್ತಿ ಕಳಿಸುತ್ತೇವೆ. ಹೊಸ ಕೆಲಸಕ್ಕೆ ಜನ ಸಾಲುತ್ತಿಲ್ಲವೆಂದು ಪ್ರತಿ ಸಭೆಯಲ್ಲೂ ಗೊಣಗುತ್ತೇವೆ. ಇವೆರಡನ್ನೂ ಕೂಡಿಸಿ ಯೋಚಿಸುವಷ್ಟು ಶಕ್ತಿ ಯಾರಲ್ಲೂ ಉಳಿದಿಲ್ಲ.

ನಾಳೆ ನಾನು ಅಂಗೈ ಒತ್ತಿದರೆ ಕೂಸಿಗೆ ತಂಪು ಸಿಗುತ್ತದೆ, ಇಸ್ಮತ್ ಇಪ್ಪತ್ತೆರಡರಲ್ಲೇ ಒಳಗುಳಿಯುತ್ತಾಳೆ. ಒತ್ತದಿದ್ದರೆ ಗೂಡನ್ನು ಬಿಚ್ಚುತ್ತಾರೆ.

ನಿನ್ನೆ ಹುಲಿಗೆಮ್ಮನಲ್ಲಿಗೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಮನೆ ಅರ್ಧ ಮಾತ್ರ ಆಗಿದೆ, ತಂಡ ಜೊತೆಗಿರುವುದಿಲ್ಲ, ಹೇಗೆ ನಡೆಸಬೇಕೆಂದು ಯಾರೂ ಕಲಿಸುವುದಿಲ್ಲ, ಕಲಿಸಿದರೆ ಕೊರತೆ ಮತ್ತೆ ಮೈಯೊಳಗೆ ಅಡಗುತ್ತದೆ, ಎಲ್ಲಿ ತೊಡಕಾಗುತ್ತದೋ ಅಲ್ಲಿ ಸಂಜೆ ಬಂದು ಮನೆಯನ್ನೇ ತಿದ್ದುತ್ತೇವೆ. ಆಕೆ ಕೂಸನ್ನು ಮಡಿಲಲ್ಲಿ ಹೊರಳಿಸಿ ಕೇಳಿಸಿಕೊಂಡಳು.

"ಅರ್ಧ ಮನಿ ಅಂದ್ರೂ ಈ ತಗಡಿಗಿಂತ ಪಾಡ. ಕೀಲಿ ಕೊಡ್ರಿ. ಶೆಕಿ ಆತಂದ್ರ ನಿಮ್ಮ ಮನಿಗೇ ಬಂದು ಬೈತೀನಿ."

ಕೂಸು ಮಲಗಿದ ಮನೆಯನ್ನು ಬಿಚ್ಚಬಾರದೆಂಬುದು ಅಂಗಳದ ಹಳೆಯ ನಿಯಮ. ಸಭೆ ಸೇರುವಾಗ ಗೂಡಿನಲ್ಲಿ ತೊಟ್ಟಿಲು ಕಟ್ಟಿದ್ದರೆ ಅಚ್ಚೂ ಇಲ್ಲ, ಬಿಚ್ಚುವುದೂ ಇಲ್ಲ. ಯೋಜನೆ ಮುಗಿಯದೆ ನಿಲ್ಲುತ್ತದೆ, ಇಸ್ಮತ್‌ಳ ಅವಕಾಶವೂ ಕಳೆಯದೆ ಹಾಗೇ ಉಳಿಯುತ್ತದೆ. ಬಹುಶಃ ನನ್ನ ಮಾರ್ಗದರ್ಶನದ ಹಕ್ಕು ಹೋಗುತ್ತದೆ. ಹೋಗಲಿ.

ನಿಮ್ಮಲ್ಲಿ ಕೇಳುವುದು ಒಂದೇ. ನಿಮ್ಮ ಮಾದರಿ ಸಿದ್ಧವಾದ ದಿನ ಅದನ್ನು ತಿಳಿಯದವರ ಕೈಗೆ ಕೊಟ್ಟು ನೀವು ಕೋಣೆಯಿಂದ ಹೊರಗೆ ಹೋಗಿ.

ಕೀಲಿಯನ್ನು ನಾಳೆ ಬೆಳಿಗ್ಗೆ, ಸಭೆಗೆ ಮೊದಲು ಹುಲಿಗೆಮ್ಮನಿಗೆ ಕೊಡುವುದೆಂದು ತೀರ್ಮಾನಿಸಿದ್ದೇನೆ. ಅದು ಇನ್ನೂ ನನ್ನ ಸೊಂಟದಲ್ಲಿದೆ. ಇಸ್ಮತ್ ಈಗಲೂ ಗೂಡಿನಲ್ಲಿದ್ದಾಳೆ. ಆಕೆಗೆ ಇನ್ನೂ ಹೇಳಿಲ್ಲ.