ರಾಜ ಬಂದಾಗ ಏಳುವವರು

ಫೆಬ್ರವರಿ 4, ಬೆಳಿಗ್ಗೆ

ಅತ್ತೆ ಇವತ್ತು ಚಹಾವನ್ನು ಅರ್ಧ ಲೋಟಕ್ಕೇ ನಿಲ್ಲಿಸಿದರು. ಅಂಚಿನವರೆಗೆ ಬರದಿದ್ದರೆ “ಇದೇನು ಔಷಧೀನಾ?” ಎಂದು ಕೇಳುವವರು. ಅಡುಗೆಮನೆಯಿಂದ ಮೇಜಿನವರೆಗೆ ಬಂದದ್ದು ಹೀಗೆ — ಬಲಗೈಯಲ್ಲಿ ಲೋಟ, ಎಡಗೈ ಗೋಡೆಯ ಮೇಲೆ. ಗೋಡೆ ಹಿಡಿದಂತೆ ಅಲ್ಲ, ಧೂಳು ಪರೀಕ್ಷಿಸುವಂತೆ. ಬೆರಳನ್ನು ಕಣ್ಣಿನ ಹತ್ತಿರ ತಂದು, “ಈ ಗೋಡೆ ಒರೆಸಿ ಯಾವ ಕಾಲ ಆಯ್ತು?” ಅಂದರು.

ಒರೆಸಿದ್ದು ನಿನ್ನೆ. ನಾನೇ.

ಅಪ್ಪನ ಅಕ್ಕ. ದೊಡ್ಡ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದವರು. ನಾನು ಎಂ.ಎ. ಮುಗಿಸಿ ಕೆಲಸವಿಲ್ಲದೆ ಕೂತಿದ್ದಾಗ ಇರಲು ಹಿಂದಿನ ಕೋಣೆ ಕೊಟ್ಟರು. ತಾವು ಹಗಲು ಹೋಗಿ ಬರುವ ಹಿರಿಯರ ಕೇಂದ್ರದಲ್ಲಿ ಕೆಲಸವನ್ನೂ ಕೊಡಿಸಿದರು. ಎರಡನ್ನೂ ಮರೆಯಲು ಬಿಡುವುದಿಲ್ಲ.

ಸಂಜೆ

ನನ್ನ ಕೆಲಸ: ಕುರ್ಚಿ ಜೋಡಿಸುವುದು, ನೀರಿನ ಲೋಟ ತುಂಬಿಸುವುದು, ಊಟದ ನಂತರ ಕೆಳಗಿನವರಿಗೆ ಕಥೆ ಓದುವುದು. ಮೇಲಿನವರಿಗೆ ಕಥೆ ಬೇಕಿಲ್ಲ. ಅವರಿಗೆ ಕೇರಂ ಇದೆ, ಹಾಡಿನ ಗುಂಪಿದೆ, ಬೀದಿ ಕಾಣುವ ಕಿಟಕಿ ಇದೆ. ವಾಕಿಂಗ್ ಗುಂಪಂತೂ ಇದ್ದೇ ಇದೆ — ಮುಂದೆ ಅತ್ತೆ, ಹಿಂದೆ ಉಳಿದವರು.

ಮೇಲೆ, ಕೆಳಗೆ ಎಂದರೆ ಬರೀ ಅಂತಸ್ತಲ್ಲ. ಆರು ತಿಂಗಳಿಗೊಮ್ಮೆ ವ್ಯಾಯಾಮದ ಮೇಡಂ ಎಲ್ಲರನ್ನೂ ಕುರ್ಚಿಯ ಮೇಲೆ ಕೂರಿಸುತ್ತಾರೆ. ಎರಡೂ ಕೈ ಎದೆಗೆ ಕಟ್ಟಿಕೊಂಡು ಏಳಬೇಕು, ಕೂರಬೇಕು, ಮತ್ತೆ ಏಳಬೇಕು. ಕೈ ಊರಿದವರು ಮರುದಿನದಿಂದ ನೆಲ ಅಂತಸ್ತಿಗೆ. ಅಲ್ಲಿ ಕೂತಲ್ಲೇ ಕೈ ಬೀಸುವ ವ್ಯಾಯಾಮ, ದೊಡ್ಡ ಟಿವಿ, ಒಬ್ಬಳು ಆಯಾ. ಆಯಾ ಬಹಳ ಒಳ್ಳೆಯವಳು. ಅದೇ ತೊಂದರೆ. ನೀರು ಎಂದರೆ ಬಾಯಿಗೇ ಹಿಡಿಯುತ್ತಾಳೆ. ಏಳಬೇಕು ಎಂದರೆ ಕಂಕುಳಿಗೆ ಕೈ ಹಾಕಿ ಎತ್ತಿಬಿಡುತ್ತಾಳೆ. ಇಳಿದು ಹೋದವರಿಗೆ ತಿಂಗಳೊಳಗೆ ಕಾಲು ಇನ್ನಷ್ಟು ಸೋಲುತ್ತದೆ. ಮೇಲಿನವರು ಅದನ್ನು ನೋಡಿ, “ನೋಡಿದ್ರಾ, ಆಗಲೇ ಅಂದಿದ್ದೆ” ಅನ್ನುತ್ತಾರೆ.

ಇಳಿಸುವ ಈ ನಿಯಮ ಮೇಡಂ ತಲೆಯಿಂದ ಬಂದದ್ದಲ್ಲ. ಅತ್ತೆಯದು. ಕೆಳಗಿನವರಿಗೆ ಅತ್ತೆ ಇಟ್ಟ ಹೆಸರು — ಗುಜರಿ.

ನನಗೂ ಇಟ್ಟಿದ್ದಾರೆ. ಕುರ್ಚಿ ಎಂ.ಎ.

ಫೆಬ್ರವರಿ 6

ಕೆಳಗಿನವರಲ್ಲಿ ಒಬ್ಬರೇ ನನ್ನನ್ನು ಮುಖ ಎತ್ತಿ ನೋಡುತ್ತಾರೆ. ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದವರು. ಕಳೆದ ಪರೀಕ್ಷೆಯಲ್ಲಿ ಇಳಿದವರು. ಮೇಡಂ ಗಮನಿಸಿರಲೇ ಇಲ್ಲ. “ಕೈ ಊರಿದಳು, ನಾನು ನೋಡಿದೆ” ಎಂದು ಕೂಗಿದ್ದು ಅತ್ತೆ. ಇಬ್ಬರಿಗೂ ಅದಕ್ಕೆ ಮೊದಲೇ ಹಾವು ಮುಂಗುಸಿ. ಹಾಡಿನ ಗುಂಪಿನಲ್ಲಿ ಅತ್ತೆಯ ಶ್ರುತಿ ಸರಿಯಿಲ್ಲ ಎಂದು ಇವರು ಹೇಳಿದ್ದರಂತೆ. ಎಲ್ಲರೆದುರಿಗೆ.

ಇವತ್ತು ಕಥೆಗೆ ಮೊದಲು ಕೇಳಿದರು: “ನಿಮ್ಮತ್ತೆ ಹೇಗಿದಾರೆ?”

“ಚೆನ್ನಾಗಿದಾರೆ.”

“ಇರ್ತಾರೆ. ಅವರು ನರ್ಸ್ ಆಗಿದ್ದಾಗ ರೋಗಿಗಳು ಭಯಕ್ಕೇ ವಾಸಿ ಆಗಿರಬೇಕು.”

ನಗು ಬಂತು. ಪುಸ್ತಕ ಮುಖಕ್ಕೆ ಹಿಡಿದೆ.

ಕಥೆ ಶುರುವಾಯಿತು. ಒಬ್ಬ ರಾಜ, ಅವನ ಕುಂಟು ಕುದುರೆ. ಎರಡನೇ ಪುಟದಲ್ಲಿ ನೋಡಿದರೆ ಟೈಪಿಸ್ಟಮ್ಮ ಮುಂದಕ್ಕೆ ಬಗ್ಗಿ, ಹಲ್ಲು ಕಚ್ಚಿ, ಕುರ್ಚಿಯಿಂದ ಏಳುತ್ತಿದ್ದಾರೆ. ಅರ್ಧಕ್ಕೆ ಬಂದು ಧೊಪ್ಪೆಂದು ಕೂತರು. ಆಯಾ ಓಡಿ ಬಂದಳು. “ನೀನು ದೂರ ನಿಲ್ಲಮ್ಮ ತಾಯಿ” ಅಂದರು. ನನ್ನ ಕಡೆ ತಿರುಗಿ, “ನೀನು ಓದು. ರಾಜ ಅಂದಾಗೆಲ್ಲ ನಾನು ಏಳ್ತೀನಿ.”

“ಬಿದ್ದರೆ?”

“ಬಿದ್ದರೆ ಕಥೆ ನಿಲ್ಲಿಸು.”

ಆಯಾಳನ್ನು ಹತ್ತಿರವೇ ನಿಲ್ಲಿಸಿ ಓದಿದೆ. ಆ ಕಥೆಯಲ್ಲಿ ಇಷ್ಟೊಂದು ರಾಜ ಇದ್ದಾನೆಂದು ಎಂ.ಎ. ಓದುವಾಗ ಗೊತ್ತೇ ಆಗಿರಲಿಲ್ಲ.

ಫೆಬ್ರವರಿ 13

ಈಗ ಎಲ್ಲರೂ ಸೇರಿದ್ದಾರೆ. ಕೆಲವರು ಪೂರ್ತಿ ಏಳುತ್ತಾರೆ, ಕೆಲವರ ಸೊಂಟ ಕುರ್ಚಿಯಿಂದ ಒಂದು ಗೇಣು ಮೇಲೆ ಬಂದು ಇಳಿಯುತ್ತದೆ. ಟೈಪಿಸ್ಟಮ್ಮ ಪಾಠ ಹೇಳುತ್ತಾರೆ: “ಮೊದಲು ಪಾದ ಹಿಂದಕ್ಕೆ. ಆಮೇಲೆ ಮೂಗು ಮುಂದಕ್ಕೆ. ಮೂಗು ಹೋದ ಕಡೆ ಮೈ ಬರುತ್ತೆ.”

ಏಳಲು ಸುಲಭವಾಗಲೆಂದು ಕುರ್ಚಿಗೆ ದಿಂಬು ಇಟ್ಟುಕೊಡುತ್ತೇನೆ. ಅದು ಕುರ್ಚಿ ಎಂ.ಎ.ಯ ಒಂದೇ ಸಂಶೋಧನೆ: ಆಸನ ಎತ್ತರವಾದಷ್ಟೂ ಏಳುವುದು ಹಗುರ. ಮೇಲಿನ ಹಾಲ್‌ನಲ್ಲಿ ಎರಡು ಹಳೆಯ ಮರದ ಕುರ್ಚಿಗಳಿವೆ, ಪ್ಲಾಸ್ಟಿಕ್ಕಿನವಕ್ಕಿಂತ ನಾಲ್ಕು ಬೆರಳು ಎತ್ತರ. ಮೂಲೆಯಲ್ಲೊಂದು ಪ್ಲಾಸ್ಟಿಕ್ ಕುರ್ಚಿಗೆ ನಡುವೆ ಹೊಂಡ. ಅದರಲ್ಲಿ ಕೂತರೆ ನಾನೇ ಕೈ ಊರುತ್ತೇನೆ.

ಗದ್ದಲ ಕೇಳಿ ಮೇಡಂ ಇಳಿದು ಬಂದರು. “ಏನಿದು, ಇವರೆಲ್ಲ ಯಾಕೆ ಎದ್ದು ಎದ್ದು ಕೂರ್ತಿದಾರೆ?”

ಪುಟದ ಮೇಲೆ ಬೆರಳಿಟ್ಟು ಓದು ನಿಲ್ಲಿಸಿದೆ.

ಟೈಪಿಸ್ಟಮ್ಮ ಅಂದರು, “ರಾಜ ಬಂದಾಗ ಕೂತೇ ಇರೋದು ಮರ್ಯಾದೆ ಅಲ್ಲ ಮೇಡಂ.”

ಮೇಡಂ ನಗಲಿಲ್ಲ. ಆದರೆ ಕೊನೆಯ ಪುಟದವರೆಗೂ ಬಾಗಿಲಲ್ಲೇ ನಿಂತಿದ್ದರು. ಹೋಗುವಾಗ, ಮುಂದಿನ ಪರೀಕ್ಷೆಗೆ ಕೆಳಗಿನವರೂ ಯಾರಾದರೂ ಬರುವುದಾದರೆ ಬರಲಿ ಅಂದರು.

ಫೆಬ್ರವರಿ 14

ಸುದ್ದಿ ಮೇಲಕ್ಕೆ ಹತ್ತಿದೆ. ಅತ್ತೆ ವಾಕಿಂಗ್‌ನಿಂದ ಬಂದವರೇ ಎಲ್ಲರೆದುರು: “ಇಳಿದವರು ಹತ್ತಿದ್ದು ಈ ಕೇಂದ್ರದಲ್ಲಿ ಇದುವರೆಗೆ ಇಲ್ಲ.”

ಹಿಂದಿನಿಂದ ರಿಟೈರ್ಡ್ ಕಂಡಕ್ಟರ್: “ಯಾಕಿಲ್ಲ ದೊಡ್ಡಕ್ಕ? ಇಳಿಯೋರಿಗೆ ಮೊದಲು ದಾರಿ ಬಿಡಿ, ಆಮೇಲೆ ಹತ್ತೋರು ಹತ್ತಲಿ. ನಲವತ್ತು ವರ್ಷ ಇದನ್ನೇ ಕೂಗಿದೀನಿ.”

ಎಲ್ಲರೂ ನಕ್ಕರು. ಅತ್ತೆ ಕಂಡಕ್ಟರನ್ನು ನೋಡಲಿಲ್ಲ. ನನ್ನನ್ನು ನೋಡಿದರು.

ಮನೆಯಲ್ಲಿ: “ಉಂಡ ಮನೆಗೆ ಎರಡು ಬಗೆಯೋದು ಯಾವ ಪುಸ್ತಕದಲ್ಲಿದೆ?” ಪಾತ್ರೆ ತೊಳೆದೆ. “ಗುಜರಿಗೆ ಬಣ್ಣ ಹೊಡೆದರೆ ಗಾಡಿ ಆಗಲ್ಲ. ನಿನ್ನ ಟೈಪಿಸ್ಟಿಗೆ ಹೇಳು.” ತೊಳೆದ ಲೋಟವನ್ನು ಎತ್ತಿ ಬೆಳಕಿಗೆ ಹಿಡಿದು, ಮತ್ತೆ ಸಿಂಕಿಗೆ ಹಾಕಿದರು.

ಒಳಗೊಳಗೇ ಒಂದು ಆಸೆ ಇತ್ತು, ಬರೆದುಬಿಡುತ್ತೇನೆ: ಇವರೂ ಒಂದು ದಿನ ಕೈ ಊರಲಿ, ಎಲ್ಲರೂ ನೋಡಲಿ.

ಫೆಬ್ರವರಿ 22

ಒಂದು ವಾರ ಬರೆಯಲಿಲ್ಲ. ಬರೆಯುವ ಮನಸ್ಸಿರಲಿಲ್ಲ.

ಹದಿನೈದರ ಬೆಳಿಗ್ಗೆ ಬಚ್ಚಲಿನಿಂದ ಬಕೆಟ್ ಉರುಳಿದ ಸದ್ದು. ಆಮೇಲೆ ಏನೂ ಇಲ್ಲ. ಬಾಗಿಲು ತಟ್ಟಿದೆ.

“ಏನಿಲ್ಲ. ಹೋಗು.”

ಹೋಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಚಿಲಕ ತೆಗೆದ ಶಬ್ದ, ತುಂಬಾ ಕೆಳಗಿನಿಂದ. ಪುಣ್ಯಕ್ಕೆ ಚಿಲಕ ಕೈಗೆಟುಕುವಷ್ಟರಲ್ಲಿತ್ತು. ಅತ್ತೆ ನೆಲದ ಮೇಲೆ, ಒದ್ದೆ ಟವೆಲಿನಲ್ಲಿ, ಗೋಡೆಗೆ ಬೆನ್ನು ಕೊಟ್ಟು. ತಲೆಗೆ ಏಟಾಗಿರಲಿಲ್ಲ. ಎಲ್ಲಿ ನೋವು ಎಂದರೆ, “ನೀನು ಡಾಕ್ಟರಾ?”

ಎತ್ತಲು ಹೋದೆ. ಕೈ ಕೊಡವಿದರು. “ಮುಟ್ಟಬೇಡ.”

ತಾವೇ ಏಳಲು ನೋಡಿದರು. ಆಗಲಿಲ್ಲ. ಮತ್ತೆ ನೋಡಿದರು. ಆಸ್ಪತ್ರೆಯಲ್ಲಿ ಎಷ್ಟೋ ಜನರನ್ನು ಎಬ್ಬಿಸಿ ನಿಲ್ಲಿಸಿದವರು. ಬಚ್ಚಲಿಗೆ ಸ್ಟೂಲ್ ತಂದು ಮುಂದಿಟ್ಟೆ. ನೋಡದೆ ಬೇರೆ ಕಡೆ ತಿರುಗಿ ನಿಂತೆ. ಬಾಯಿಂದ ತಾನಾಗಿ ಬಂತು: “ಪಾದ ಹಿಂದಕ್ಕೆ. ಮೂಗು ಮುಂದಕ್ಕೆ.”

ಮೊದಲು ಮಂಡಿಯ ಮೇಲೆ, ಆಮೇಲೆ ಸ್ಟೂಲಿನ ಮೇಲೆ, ಆಮೇಲೆ ನೆಟ್ಟಗೆ. ಬಹಳ ಹೊತ್ತು ಹಿಡಿಯಿತು. ನಿಂತ ಮೇಲೆ ಅತ್ತೆಯ ಮೊದಲ ಮಾತು: “ಇದು ಹೊರಗೆ ಹೋದರೆ ನೀನೂ ಹೊರಗೆ. ಗಂಟುಮೂಟೆ ಸಮೇತ.”

ಡಾಕ್ಟರ ಹತ್ತಿರ ಬರಲಿಲ್ಲ. ಮಂಡಿಗೆ ಬಟ್ಟೆ ಕಟ್ಟಿಕೊಂಡು ಮೂರನೇ ದಿನ ಕೇಂದ್ರಕ್ಕೆ ಹೊರಟರು. ಎರಡು ದಿನ ಬಾರದ ಕಾರಣ ಕೇಳಿದವರಿಗೆ, “ನನ್ನ ತಮ್ಮನ ಮಗಳಿಗೆ ಜ್ವರ, ನೋಡ್ಕೋಬೇಕಿತ್ತು.”

ಕಂಡಕ್ಟರ್ ಬಂದು ನನ್ನನ್ನೇ ವಿಚಾರಿಸಿದರು. “ಈಗ ಹೇಗಮ್ಮ ಜ್ವರ?”

“ಕಡಿಮೆ” ಅಂದೆ.

ಫೆಬ್ರವರಿ 25

ಮೇಡಂ ಬೋರ್ಡಿನ ಮೇಲೆ ಬರೆದಿದ್ದಾರೆ. ಶುಕ್ರವಾರ ಪರೀಕ್ಷೆ. ಸೋಮವಾರದಿಂದ ಹೊಸ ಚಟುವಟಿಕೆ: ಮೆಟ್ಟಿಲು ಗುಂಪು. ತಾರಸಿಯವರೆಗೆ ಹತ್ತುವುದು, ಇಳಿಯುವುದು. ಎಲ್ಲರ ಮುಂದೆ ನಡೆಯುವವರು ಅತ್ತೆ. ಚಪ್ಪಾಳೆ. ಅತ್ತೆ ಕೂತಲ್ಲೇ ತಲೆಯಾಡಿಸಿದರು. ಯಾವಾಗಲೂ ಎದ್ದು ನಿಂತು ತಲೆಯಾಡಿಸುವವರು.

ತಾರಸಿಯ ಮೆಟ್ಟಿಲನ್ನು ನೋಡಿ ಬಂದೆ. ತೀರಾ ಕಡಿದಾಗಿದೆ. ಒಂದು ಪಕ್ಕಕ್ಕೆ ಮಾತ್ರ ಕಂಬಿ. ಇಳಿಯುವಾಗ ಮುಂದಿರುವವರಿಗೆ ಹಿಡಿಯಲು ಬೇರೆಯವರ ಹೆಗಲೂ ಇರುವುದಿಲ್ಲ.

ಫೆಬ್ರವರಿ 26

ಬೆಳಿಗ್ಗೆ ತಿಂಡಿಯ ಹೊತ್ತು. ಅತ್ತೆ ನನ್ನ ತಟ್ಟೆಗೆ ಇನ್ನೊಂದು ಮೊಟ್ಟೆ ಹಾಕಿದರು. ಹೆದರಿಕೆಯಾಯಿತು.

“ಶುಕ್ರವಾರ ಕುರ್ಚಿ ಹಾಕೋದು ನೀನೇ ತಾನೇ?”

“ಹೂಂ.”

“ನನ್ನದು ಮರದ್ದು. ಕಿಟಕಿ ಹತ್ತಿರದ್ದು.”

ತಿನ್ನುತ್ತಿದ್ದೆ. ತಿನ್ನುತ್ತಲೇ ಇದ್ದೆ.

“ಆ ಟೈಪಿಸ್ಟಿಗೆ ಮೂಲೇಲಿರೋ ಹೊಂಡದ ಕುರ್ಚಿ.”

“ಅತ್ತೆ, ಅದರಲ್ಲಿ ಯಾರಿಗೂ ಏಳಕ್ಕೆ ಆಗಲ್ಲ.”

“ಗೊತ್ತಿದ್ದೇ ಹೇಳಿದ್ದು.”

ಇಷ್ಟು ದಿನ ಬಾಯಿಗೆ ಬಾರದ್ದು ಇವತ್ತು ಬಂತು. “ಸೋಮವಾರ ಮೆಟ್ಟಿಲು ಹತ್ತಬೇಕಲ್ಲ. ಮತ್ತೆ ಬಿದ್ದರೆ?”

ಚಮಚ ಕೆಳಗಿಟ್ಟರು. “ಕೆಳಗೆ ಕೂತು ಆ ಆಯಾ ಕೈಯಲ್ಲಿ ನೀರು ಕುಡಿಸಿಕೊಳ್ಳೋದಕ್ಕಿಂತ ಮೆಟ್ಟಿಲ ಮೇಲೆ ಬೀಳೋದು ವಾಸಿ.” ಆಮೇಲೆ, ಹವಾಮಾನದ ಬಗ್ಗೆ ಹೇಳುವಂತೆ: “ಶುಕ್ರವಾರ ಕುರ್ಚಿ ಬದಲಾದರೆ ಶನಿವಾರ ಹಿಂದಿನ ಕೋಣೆ ಬಾಡಿಗೆಗೆ ಕೊಡ್ತೀನಿ. ಕೇಳ್ತಿದಾರೆ ಯಾರೋ.”

ಎದ್ದರು. ಮೇಜಿಗೆ ಎರಡೂ ಅಂಗೈ ಊರಿ. ನಾನು ನೋಡುತ್ತಿದ್ದೇನೆ ಎಂದು ಗೊತ್ತಿತ್ತು. ಅದಕ್ಕೇ ನಿಧಾನವಾಗಿ ಊರಿದರು.

ಮಧ್ಯಾಹ್ನ

ಕಥೆ ಮುಗಿದ ಮೇಲೆ ಟೈಪಿಸ್ಟಮ್ಮ ತಡೆದರು. ಈಗ ಅವರು ದಿಂಬಿಲ್ಲದೆ, ಕೈ ಕಟ್ಟಿಕೊಂಡು ಏಳುತ್ತಾರೆ. ರಾಜನ ಜೊತೆ ಮಂತ್ರಿಗೂ ಏಳುತ್ತಾರೆ.

“ಮೇಲೆ ಹೋದ ಮೇಲೆ ಏನು ಮಾಡ್ತೀರಿ?” ಕೇಳಿದೆ.

“ನಿಮ್ಮತ್ತೆ ಎದುರಿಗೆ ಒಂದು ದಿನ ಕೂರ್ತೀನಿ. ಬರೀ ನೋಡ್ತೀನಿ. ಆಮೇಲೆ ವಾಪಸ್ ಬರ್ತೀನಿ.”

“ಇಲ್ಲಿಗಾ? ಯಾಕೆ?”

“ಮೇಲೆ ಕಥೆ ಇಲ್ವಲ್ಲ.” ಆಮೇಲೆ, “ಕಳೆದ ಸಲ ಇಳಿಸಿದ್ದು ಅವರು. ಈ ಸಲ ನಾನಾಗೇ ಇಳೀಬೇಕು.”

ಅತ್ತೆ ಬಿದ್ದದ್ದನ್ನು ಹೇಳಬೇಕೆನಿಸಿತು. ನಾಲಗೆ ತುದಿಗೆ ಬಂದಿತ್ತು. ಹೇಳಿದ್ದರೆ ಇವರ ಮುಖದಲ್ಲಿ ಒಂದು ನಗು ಮೂಡುತ್ತಿತ್ತು. ಆ ನಗು ನನಗೆ ಬೇಡವಾಗಿತ್ತು. ಬೇಕೂ ಆಗಿತ್ತು.

ಬದಲಿಗೆ ಕೇಳಿದೆ: “ಹೊಸದಾಗಿ ಬಂದವರಿಗೆ ಮೊದಲು ಏನು ಕಲಿಸಬೇಕು? ಮಂಡಿ ನೋವಿರೋರಿಗೆ?”

ನನ್ನನ್ನು ಬಹಳ ಹೊತ್ತು ನೋಡಿದರು. ಕೋರ್ಟಿನಲ್ಲಿ ಸಾಕ್ಷಿಗಳನ್ನು ಹೀಗೇ ನೋಡುತ್ತಿದ್ದರೇನೋ.

“ಡಾಕ್ಟರಿಗೆ ತೋರಿಸಿಕೊಂಡು ಬರಲಿ. ಮೊದಲು ಎತ್ತರದ ಕುರ್ಚಿ ಹಾಕು. ರಾಜ ಕಡಿಮೆ ಇರೋ ಕಥೆ ಓದು. ಆಯಾನ ದೂರ ಇಡು.” ಚಪ್ಪಲಿ ಹಾಕಿಕೊಂಡರು. “ಅವರು ಎಷ್ಟೇ ಬೈದರೂ ಓದೋದು ನಿಲ್ಲಿಸಬೇಡ.”

ಯಾರೆಂದು ಕೇಳಲಿಲ್ಲ. ನಗಲೂ ಇಲ್ಲ.

ಫೆಬ್ರವರಿ 28, ಶುಕ್ರವಾರ, ಬೆಳಿಗ್ಗೆ

ಕೇಂದ್ರದ ಮೇಲಿನ ಹಾಲ್‌ನಲ್ಲಿ ಕೂತು ಬರೆಯುತ್ತಿದ್ದೇನೆ. ಬೀಗದ ಕೈ ನನ್ನ ಹತ್ತಿರವೇ ಇರುತ್ತದೆ. ಇನ್ನೂ ಯಾರೂ ಬಂದಿಲ್ಲ. ಹಾಲ್‌ನಲ್ಲಿ ಫಿನಾಯಿಲ್ ವಾಸನೆ.

ಬರುವಾಗ ನನ್ನ ಪುಸ್ತಕಗಳನ್ನೂ ಬಟ್ಟೆಗಳನ್ನೂ ಚೀಲಕ್ಕೆ ತುಂಬಿಕೊಂಡು ಬಂದೆ. ಅತ್ತೆ ಬಾಗಿಲಲ್ಲಿ ನಿಂತು ಚೀಲವನ್ನು ನೋಡಿದರು. “ಅಷ್ಟೂ ಓದ್ತೀಯಾ ಇವತ್ತು?” ಅಂದರು. ಹೂಂ ಅಂದೆ. ಬೇರೆ ಕೇಳಲಿಲ್ಲ. ಅವರಿಗೆ ಅರ್ಥವಾಯಿತೋ ಇಲ್ಲವೋ.

ಹೊಂಡದ ಕುರ್ಚಿಯನ್ನು ಹಿಂದಿನ ಅಂಗಳಕ್ಕೆ ಹಾಕಿದೆ. ಅದು ನಿಜವಾದ ಗುಜರಿ.

ಮೇಲಿನ ಹಾಲ್‌ನಲ್ಲಿ ಈಗ ಒಂದೇ ಜಾತಿಯ ಕುರ್ಚಿಗಳು, ಒಂದೇ ಸಾಲು. ಯಾರ ಕುರ್ಚಿ ಯಾರದೆಂದು ಹೇಳಲು ಬರುವುದಿಲ್ಲ. ಟೈಪಿಸ್ಟಮ್ಮ ಎಲ್ಲಿ ಕೂತರೂ ಏಳುತ್ತಾರೆ. ಅತ್ತೆ ಎಲ್ಲಿ ಕೂತರೂ… ಇಲ್ಲ.

ಮೇಡಂಗೆ ನಾನು ಏನೂ ಹೇಳುವುದಿಲ್ಲ. ಬಚ್ಚಲಿನದು ಬಚ್ಚಲಿನಲ್ಲೇ ಇರಲಿ. ಕುರ್ಚಿ ಹೇಳಿದಷ್ಟು ಸಾಕು. ನಾಳೆ ಕೋಣೆ ಹೋಗುತ್ತದೆ, ಹೋಗಲಿ. ಸೋಮವಾರ ಆ ಮೆಟ್ಟಿಲಿನ ಮುಂದೆ ಅತ್ತೆ ಇರುವುದಿಲ್ಲ.

ಮರದ ಕುರ್ಚಿ ಎರಡನ್ನೂ ಒಂದೊಂದಾಗಿ ಕೆಳಗೆ ಇಳಿಸಿದೆ. ಭಾರ. ಒಂದನ್ನು ಅತ್ತೆಗೆಂದು ಟಿವಿಗೆ ಬೆನ್ನು ಹಾಕಿ, ಬಾಗಿಲಿಗೆ ಹತ್ತಿರ ಇಟ್ಟಿದ್ದೇನೆ — ಸಿಟ್ಟು ಬಂದರೆ ಎದ್ದು ಹೋಗಲು ಅನುಕೂಲವಾಗಲಿ ಎಂದು. ಸಿಟ್ಟು ಬರುತ್ತದೆ. ಎದ್ದು ಹೋಗಬೇಕೆಂದರೆ ಮೊದಲು ಏಳಬೇಕಲ್ಲ.

ಕೇಳಿದ್ದು ಎತ್ತರದ ಕುರ್ಚಿ. ಅದನ್ನೇ ಕೊಡುತ್ತಿದ್ದೇನೆ.

ಮಧ್ಯಾಹ್ನಕ್ಕೆ ಕಥೆಯನ್ನೂ ಆರಿಸಿಟ್ಟೆ. ಬೈದರೂ ನಿಲ್ಲಿಸುವುದಿಲ್ಲ. ಮೊದಲ ಪುಟದಲ್ಲಿ ಒಬ್ಬನೇ ರಾಜ, ಅವನೂ ಕೊನೆಯ ಸಾಲಿನಲ್ಲಿ ಬರುತ್ತಾನೆ. ಅಷ್ಟರೊಳಗೆ ಪಾದ ಹಿಂದಕ್ಕೆ ಎಳೆದುಕೊಳ್ಳಲು ಅವರಿಗೆ ಸಮಯ —

ಮೆಟ್ಟಿಲಲ್ಲಿ ಸದ್ದು. ಒಂದು ಹೆಜ್ಜೆ, ಗೋಡೆಗೆ ಕೈ ಸವರಿದ ಸದ್ದು. ನಿಂತಿತು. ಇನ್ನೊಂದು —