ಬೆನ್ನಿಗೆ ರಾಗಿ ಹೊತ್ತು

ಮಾರಿಕಣಿವೆ
೧೯ ನವೆಂಬರ್ ೨೦೨೫, ಬುಧವಾರ

ಪ್ರೀತಿಯ ಸುಚಿತ್ರಾ,

ಹೇಗಿದ್ದೀಯ? ಮೊಣಕಾಲಿನ ನೋವು ಇಳಿಯಿತಾ? ಅಲ್ಲಿ ಚಳಿ ಜಾಸ್ತಿಯಂತೆ, ಟೊಪ್ಪಿಗೆ ಹಾಕದೆ ಬೆಳಗಿನ ಚಾರಣದ ಗುಂಪು ಕರೆದುಕೊಂಡು ಹೊರಡಬೇಡ. ಇಲ್ಲಿ ನಾವಿಬ್ಬರೂ ಆರಾಮ. ಅವ್ವನ ಕೆಮ್ಮು ಕಡಿಮೆಯಾಗಿದೆ, ಬೈಗುಳ ಕಡಿಮೆಯಾಗಿಲ್ಲ. ಪ್ರತಿ ಸೋಮವಾರ ನೀನು ಪೇಟೆಗಿಳಿದು ಫೋನ್ ಮಾಡಿದಾಗ ಈ ಕಡೆ ಅವ್ವ ಕಿವಿಗೊಟ್ಟು ಕೂತಿರುತ್ತಾಳೆ, ಆ ಕಡೆ ಬಸ್ಸಿನ ಹಾರನ್ನು. ಊಟ ಆಯ್ತಾ ಅನ್ನುವಷ್ಟರಲ್ಲಿ ಮಾತು ಮುಗಿದಿರುತ್ತದೆ. ಮಿಕ್ಕ ದಿನ ನಿಮ್ಮ ಕ್ಯಾಂಪಿಗೆ ಟವರೇ ಸಿಗುವುದಿಲ್ಲ. ಅದಕ್ಕೇ ಈ ಕಾಗದ. ಪೇಟೆಯ ಅಂಗಡಿಯ ವಿಳಾಸಕ್ಕೆ ಹಾಕುತ್ತೇನೆ, ತರಕಾರಿ ಜೀಪಿನವರು ನಿನಗೆ ತಲುಪಿಸಲಿ.

ಮೂವತ್ತನೇ ತಾರೀಖು ಭಾನುವಾರದ ಗುಂಪಿನಲ್ಲಿ ನನ್ನ ಹೆಸರು ನೋಡಿ ನಕ್ಕಿರುತ್ತೀಯ. ನಗು ಪರವಾಗಿಲ್ಲ. ನಿಮ್ಮ ಕಂಪನಿಯವರು ಈ ಸೀಸನ್ನಿಗೆ ಮಾತ್ರವಲ್ಲ, ವರ್ಷಪೂರ್ತಿ ನಿನ್ನನ್ನು ಅಲ್ಲೇ ಗೈಡಾಗಿ ಇಟ್ಟುಕೊಳ್ಳುತ್ತೇವೆ ಎಂದಾಗಿನಿಂದ ನಾನು ಹೂಂ ಅಂದಿಲ್ಲ, ಉಹೂಂ ಅಂದಿಲ್ಲ. ‘ಆ ಬೆಟ್ಟ ಹತ್ತಿ ನೋಡ್ದೆ ಬ್ಯಾಡ ಅನ್ಬ್ಯಾಡ್ರಿ’ ಅಂತ ನೀನು ಹೇಳಿದ್ದು ಮನಸ್ಸಿನಲ್ಲೇ ಇದೆ. ದುರ್ಗದ ಕೋಟೆಯಲ್ಲಿ ಪ್ರವಾಸಿಗಳಿಗೆ ದಾರಿ ತೋರಿಸುತ್ತಿದ್ದಾಗ ಸಂಜೆ ಬಸ್ಸಿಗೆ ಮನೆ ಸೇರುತ್ತಿದ್ದೆ. ಘಟ್ಟದ ಬೆಟ್ಟದಿಂದ ಅಂಥ ಬಸ್ಸಿಲ್ಲ. ನಾನೋ, ಅಣೆಕಟ್ಟಿನ ಕೆಲಸ ಬಿಟ್ಟು ನಿನ್ನ ಹಿಂದೆ ಬರುವಂತಿಲ್ಲ. ಬಂದರೆ ಅವ್ವನ ಕಥೆ ಏನು? ಅದಕ್ಕೇ, ಮೊದಲು ಹತ್ತಿ ನೋಡೋಣ ಅಂತ ತೀರ್ಮಾನ ಮಾಡಿದ್ದೇನೆ.

ಬೆನ್ನಿಗೆ ಭಾರ ಹೊತ್ತು ನಡೆದು ರೂಢಿ ಮಾಡಿಕೊಳ್ಳಿ ಎಂದು ನಿಮ್ಮವರು ಮೆಸೇಜ್ ಕಳಿಸಿದ್ದರು. ನಮ್ಮ ಮನೆಯಲ್ಲಿ ಭಾರ ಅಂದರೆ ರಾಗಿ. ಬ್ಯಾಗಿಗೆ ರಾಗಿ ತುಂಬಿಕೊಂಡು ದಿನಾ ಬೆಳಿಗ್ಗೆ ಅಣೆಕಟ್ಟೆಯ ಮೆಟ್ಟಿಲು ಹತ್ತಿ ಇಳಿಯುತ್ತೇನೆ. ಮೊದಲ ದಿನವೇ ಎದುರು ಮನೆ ಯಲ್ಲಕ್ಕ ನೋಡಿಬಿಟ್ಟಳು. ‘ಗಿರಣಿಗೆ ಹೊಂಟಿಯೇನಪ್ಪ, ನಮ್ದೂ ಒಂದೀಟು ಹಾಕ್ಕಂಡ್ಹೋಗು’ ಅಂತ ತನ್ನ ಚೀಲವನ್ನೂ ಕೈಗಿಟ್ಟಳು. ಬೆಟ್ಟದ ವಿಷಯ ಹೇಳಲು ನಾಚಿಕೆಯಾಗಿ ಅವಳ ರಾಗಿಯನ್ನೂ ಹೊತ್ತು ಮೆಟ್ಟಿಲು ಹತ್ತಿದೆ, ಆಮೇಲೆ ಗಿರಣಿಗೂ ಹೋಗಿ ಹಿಟ್ಟು ಮಾಡಿಸಿಕೊಂಡು ಬಂದೆ. ಈಗ ಬೀದಿಯವರೆಲ್ಲ ನನ್ನ ದಾರಿ ಕಾಯುತ್ತಾರೆ. ಇನ್ನು ಶೂ ಕಥೆ ಕೇಳು. ಹೊಸ ಎಕ್ಕಡ ತಂದರೆ ಹರಳೆಣ್ಣೆ ಸವರಿ ಬಿಸಿಲಿಗಿಡುವುದು ಅಪ್ಪನ ಕಾಲದಿಂದ ನಮ್ಮ ಮನೆಯ ಪದ್ಧತಿ. ‘ಎಣ್ಣೆ ಕುಡೀದಿದ್ರೆ ಕಾಲು ಕಡೀತೈತೆ ಕಣಪ್ಪ’ ಅಂದಳು ಅವ್ವ. ನಾನೂ ತಲೆಯಾಡಿಸಿ ಟ್ರೆಕ್ಕಿಂಗ್ ಶೂಗೆ ಧಾರಾಳವಾಗಿ ಸವರಿ ಹಿತ್ತಲ ಬಂಡೆಯ ಮೇಲಿಟ್ಟೆ. ಸಂಜೆ ನೋಡಿದರೆ ಎರಡೂ ಅಟ್ಟೆ ಅಂಟು ಬಿಟ್ಟು ಬಾಯಿ ತೆರೆದುಕೊಂಡಿವೆ. ಹಿರಿಯೂರಿನಲ್ಲಿ ಹೊಲಿಸಿಕೊಂಡು ಬಂದೆ. ನಡೆಯುವಾಗ ಈಗಲೂ ಎಣ್ಣೆ ಒಸರುತ್ತದೆ.

ಹೋದ ಭಾನುವಾರ ಹಾಲುರಾಮೇಶ್ವರಕ್ಕೆ ಹೋಗಿದ್ದೆ. ಮನಸ್ಸಿನಲ್ಲಿದ್ದದ್ದು ಬೇಡಿಕೊಂಡರೆ ಅಲ್ಲಿನ ಕೊಳದಲ್ಲಿ ಗಂಗಮ್ಮ ಏನಾದರೂ ತೇಲಿಸಿ ಉತ್ತರ ಕೊಡುತ್ತಾಳಲ್ಲ, ‘ಸೊಸೆ ಮನೀಗೆ ಬರ್ತಾಳಾ ಕೇಳ್ಕಂಬಾ’ ಅಂತ ಅವ್ವನೇ ಕಳಿಸಿದ್ದು. ಸರದಿಯಲ್ಲಿ ನಿಂತಷ್ಟು ಹೊತ್ತೂ ಅದನ್ನೇ ಕೇಳಬೇಕೆಂದಿದ್ದೆ. ನನ್ನ ಪಾಳಿ ಬಂದಾಗ ಧೈರ್ಯ ಸಾಲಲಿಲ್ಲ. ಬರುವುದಿಲ್ಲ ಅಂದರೆ ನನ್ನ ಗತಿ ಏನು, ಬರುತ್ತಾಳೆ ಅಂದರೆ ನಿನ್ನ ಗತಿ ಏನು ಅನ್ನಿಸಿತು. ಸುಚಿತ್ರಾಳ ಕಾಲು ಜಾರದಿರಲಿ ಅಂತಷ್ಟೇ ಕೈಮುಗಿದೆ. ಒಂದು ಹೂವು ತೇಲಿ ಬಂತು. ಮನೆಗೆ ತಂದಾಗ ಅವ್ವ ಅದನ್ನು ಕಣ್ಣಿಗೊತ್ತಿಕೊಂಡು ‘ಬರ್ತಾಳೆ ಅಂತಾಯ್ತು’ ಅಂದಳು.

ಮನೆಯಲ್ಲಿ ಅವ್ವ ಇದ್ದಾಳೆ, ಕೆಲಸದಲ್ಲಿ ಮಾರಣ್ಣನ ಹರಟೆ ಇದೆ, ಆದರೂ ಒಬ್ಬನೇ ಆಗಿಬಿಟ್ಟಿದ್ದೇನೆ. ಬೆಳಿಗ್ಗೆ ಕಟ್ಟೆಯ ಮೇಲೆ ನಿಂತಾಗ ನೀರಿನ ಮೇಲೆ ಹಕ್ಕಿಗಳು ಸಾಲಾಗಿ ಹೋಗುತ್ತವೆ. ನೋಡು ಅನ್ನಲು ಪಕ್ಕಕ್ಕೆ ತಿರುಗುತ್ತೇನೆ. ಎಷ್ಟು ಸಲ ಹಾಗಾದರೂ ಬುದ್ಧಿ ಬಂದಿಲ್ಲ. ಬೈಕಿನಲ್ಲಿ ಹೋಗುವಾಗ ಹಿಂದೆ ಯಾರೂ ಇಲ್ಲದಿದ್ದರೂ ಉಬ್ಬುತಗ್ಗು ಬಂದರೆ ನಿಧಾನ ಮಾಡುತ್ತೇನೆ.

ಅವ್ವ ಆಶೀರ್ವಾದ ತಿಳಿಸಿದ್ದಾಳೆ. ಶೇಂಗಾ ಚಟ್ನಿಪುಡಿ ಕುಟ್ಟಿಟ್ಟಿದ್ದಾಳೆ, ಬರುವಾಗ ತರುತ್ತೇನೆ. ಹೊತ್ತುಹೊತ್ತಿಗೆ ಉಣ್ಣು.

ನಿನ್ನ
ಪ್ರಭು

ತಾ.ಕ.: ಅಂಚೆ ಹೊರಡುವ ಹೊತ್ತಾಯಿತು. ಉತ್ತರವನ್ನು ಬೆಟ್ಟದ ತುದಿಯಲ್ಲೇ ಹೇಳುತ್ತೇನೆ ಅಂದುಕೊಂಡಿದ್ದೆ. ತುದಿ ಮುಟ್ಟುತ್ತೇನೋ ಇಲ್ಲವೋ, ಈಗಲೇ ಬರೆದುಬಿಡುತ್ತೇನೆ. ಆ ಕೆಲಸ ಒಪ್ಪಿಕೋ. ನೀನು ಇಲ್ಲಿಗೆ ಬಂದು ಕೂತು ಮನಸ್ಸೆಲ್ಲ ಅಲ್ಲಿಟ್ಟುಕೊಂಡಿರುವುದನ್ನು ನನ್ನಿಂದ ನೋಡಲಾಗದು. ಅವ್ವನಿಗೆ ನಾನು ಹೇಳುತ್ತೇನೆ. ಒಂದೇ ಒಂದು ಕೇಳುತ್ತೇನೆ. ಯಾವಾಗಲೂ ಗುಂಪಿನ ಮುಂದೆ ನಡೆಯುವವಳು ನೀನು. ಆ ಭಾನುವಾರ ಮಾತ್ರ ಬೇರೆ ಯಾರನ್ನಾದರೂ ಮುಂದೆ ಕಳಿಸು. ನಾನು ಹೇಗೂ ಎಲ್ಲರಿಗಿಂತ ಹಿಂದೆ ಬೀಳುತ್ತೇನೆ, ನನ್ನ ಜೊತೆ ನಡಿ.